ಪ್ಲೇಟ್ ಹಾಕೋ ಡಂಬೆಲ್ ಸೆಟ್ (30 ಕೆಜಿ), ಎರಡೂವರೆ ವರ್ಷ ಬಳಸಿದ ಮೇಲೆ

ನಾನು ಇದನ್ನ ತಗೊಳ್ಳೋ ಮುಂಚೆ ಓದಿದ ರಿವ್ಯೂಗಳಲ್ಲಿ ಡಬ್ಬ ಹೇಗೆ ಬಂತು, ಪ್ಯಾಕಿಂಗ್ ಹೇಗಿತ್ತು ಅನ್ನೋದೇ ಜಾಸ್ತಿ ಇತ್ತು, ಒಂದು ವರ್ಷ ಬಳಸಿದ ಮೇಲೆ ಏನಾಯ್ತು ಅಂತ ಯಾರೂ ಬರೆದಿರ್ಲಿಲ್ಲ, ಅದಕ್ಕೇ ಈಗ ಬರೀತಿದೀನಿ. ನನ್ನದು ಡಯಲ್ ತಿರುಗಿಸಿದ್ರೆ ತೂಕ ಬದಲಾಗೋ ಥರದ್ದಲ್ಲ. ಎರಡು ರಾಡು, ಕಬ್ಬಿಣದ ಪ್ಲೇಟುಗಳು, ತುದೀಲಿ ನಕ್ಷತ್ರದ ಆಕಾರದ ನಟ್ಟು, ಅಷ್ಟೇ. ನಟ್ಟು ಸೇರಿ ಒಂದೊಂದು ರಾಡು 2.5 ಕೆಜಿ, ಜೊತೆಗೆ 2.5 ಕೆಜಿಯ ಎಂಟು ಪ್ಲೇಟು, 1.25 ಕೆಜಿಯ ನಾಲ್ಕು. ಎರಡೂ ಕೈಗೆ ಸಮ ಹಂಚಿದ್ರೆ ಒಂದೊಂದು ಕೈಗೆ 15 ಕೆಜಿ ತನಕ ಹೋಗ್ಬಹುದು, ಒಂದೇ ರಾಡಿಗೆ ದೊಡ್ಡ ಪ್ಲೇಟೆಲ್ಲಾ ಹಾಕಿದ್ರೆ 22.5.

ಮೊದ್ಲು ಗುರಿ ವಿಷಯ ಹೇಳ್ಬೇಕು, ಯಾಕಂದ್ರೆ ಇದಕ್ಕೂ ಮುಂಚೆ ಮೂರು ಸಲ ವ್ಯಾಯಾಮ ಶುರು ಮಾಡಿ ಬಿಟ್ಟಿದ್ದೆ, ಮೂರು ಸಲಾನೂ ಗುರಿ ಒಂದೇ, ಎಂಟು ಕೆಜಿ ಇಳಿಸ್ಬೇಕು ಅಂತ. ದೇಹದಲ್ಲಿರೋ ನೀರು, ತಿಂದ ಉಪ್ಪು ಇವುಗಳಿಂದಲೇ ದಿನದಿಂದ ದಿನಕ್ಕೆ ಒಂದೆರಡು ಕೆಜಿ ಹೆಚ್ಚು ಕಮ್ಮಿ ಆಗುತ್ತೆ, ಮೈಮುರಿದು ವಾರಪೂರ್ತಿ ಮಾಡಿದ್ರೂ ತೂಕದ ಯಂತ್ರದಲ್ಲಿ ಮುಳ್ಳು ಮೇಲಕ್ಕೆ ಹೋಗಿರುತ್ತೆ, ಅಲ್ಲಿಗೆ ಮನಸ್ಸು ಮುರಿದುಹೋಗುತ್ತೆ. ನಾಲ್ಕನೇ ಸಲ ನಾನು ಬೇರೆ ಥರ ಯೋಚ್ನೆ ಮಾಡ್ದೆ. ಮನೇಲಿ 20 ಲೀಟರ್ ನೀರಿನ ಕ್ಯಾನ್ ಸ್ಟ್ಯಾಂಡ್ ಮೇಲೆ ಇಡಕ್ಕೆ ಪ್ರತಿ ಸಲ ಯಾರನ್ನಾದ್ರೂ ಕೂಗ್ತಿದ್ದೆ. ನೆಲದ ಮೇಲೆ ಕೂತ್ರೆ ಕೈ ಊರದೆ ಏಳಕ್ಕಾಗ್ತಿರ್ಲಿಲ್ಲ. ಈ ಎರಡನ್ನೇ ಗುರಿ ಅಂತ ಬರ್ಕೊಂಡೆ. ನನ್ನ ವಯಸ್ಸು ಆಗ 43, ನನಗೆ ಬೇಕಾಗಿದ್ದು ಇದೇ ಅಂತ ಬರೆದ ಮೇಲೇ ಗೊತ್ತಾಯ್ತು.

ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚೀಲಿ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಜೋರು ನಡಿಗೆ ಥರದ ಚಟುವಟಿಕೆ, ಅದರ ಜೊತೆಗೆ ವಾರಕ್ಕೆ ಎರಡು ಅಥವಾ ಹೆಚ್ಚು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅಂತ ಇದೆ. ಎರಡು ದಿನ! ನಾನು ಇಷ್ಟು ವರ್ಷ ಆರು ದಿನ ಮಾಡಿದ್ರೇನೇ ಲೆಕ್ಕ ಅನ್ಕೊಂಡಿದ್ದೆ. ಹಾಗಾಗಿ ಮೂರು ದಿನ ಪ್ಲಾನ್ ಮಾಡೋದು, ಎರಡು ದಿನ ಆದ್ರೆ ಆ ವಾರ ಪಾಸ್ ಅಂತ ಇಟ್ಕೊಂಡೆ. ಮಗಳಿಗೆ ಜ್ವರ ಬಂದ ವಾರಾನೂ, ಆಫೀಸಲ್ಲಿ ರಿಲೀಸ್ ಇದ್ದ ವಾರಾನೂ ಈ ಲೆಕ್ಕದಿಂದಲೇ ಸರಪಳಿ ಕಡೀಲಿಲ್ಲ.

ಮೊದಲ ತಿಂಗಳು ಸೆಟ್ಟನ್ನ ಮಂಚದ ಕೆಳಗೆ ಇಟ್ಟಿದ್ದೆ, ಅದನ್ನ ಎಳೆದು ಹೊರಗೆ ತೆಗೆಯೋದೇ ಒಂದು ಕೆಲಸ ಆಗ್ತಿತ್ತು. ಆಮೇಲೆ ನಾನು ಕೂತು ಕೆಲಸ ಮಾಡೋ ಮೇಜಿನ ಪಕ್ಕ ಒಂದು ರಬ್ಬರ್ ಮ್ಯಾಟ್ ಹಾಸಿ ಅದರ ಮೇಲೆ ಇಟ್ಬಿಟ್ಟೆ. ಮಗಳು ಸ್ಕೂಲಿಗೆ ಹೊರಟ ಮೇಲೆ ನಾನು ಲಾಗಿನ್ ಆಗೋ ಮುಂಚೆ 35 ನಿಮಿಷ ಸಿಗುತ್ತೆ, ಅದೇ ಟೈಮು. ಸಂಜೆ ಮಾಡ್ತೀನಿ ಅನ್ಕೊಂಡ ದಿನ ಒಂದೂ ಆಗಿದ್ದಿಲ್ಲ. ತುಂಬಾ ಗಡಿಬಿಡಿ ಇದ್ರೆ ಒಂದು ಸ್ಕ್ವಾಟು (ಕುಕ್ಕರಿಸಿ ಏಳೋದು), ಒಂದು ರೋ (ಬಗ್ಗಿ ತೂಕವನ್ನ ಸೊಂಟದ ಕಡೆ ಎಳೆಯೋದು), ಎರಡೆರಡು ಸೆಟ್ (ನಿಲ್ಲಿಸದೆ ಒಂದಷ್ಟು ಸಲ ಮಾಡಿದ್ರೆ ಒಂದು ಸೆಟ್), ಹತ್ತು ನಿಮಿಷ, ಮುಗೀತು.

ಮಾಡೋದು ಐದೇ ಥರ: ಡಂಬೆಲ್ ಎದೆಗವಚಿ ಹಿಡ್ಕೊಂಡು ಸ್ಕ್ವಾಟ್, ಸೊಂಟ ಹಿಂದಕ್ಕೆ ತಳ್ಳಿ ಬಗ್ಗೋ ರೊಮೇನಿಯನ್ ಡೆಡ್‌ಲಿಫ್ಟ್, ಕುರ್ಚಿಗೆ ಒಂದು ಕೈ ಊರಿ ರೋ, ನೆಲದ ಮೇಲೆ ಮಲಗಿ ತೂಕ ಮೇಲಕ್ಕೆ ತಳ್ಳೋ ಪ್ರೆಸ್ (ಬೆಂಚ್ ಬೇಕಾಗಲ್ಲ), ನಿಂತು ತಲೆ ಮೇಲಕ್ಕೆ ಎತ್ತೋ ಶೋಲ್ಡರ್ ಪ್ರೆಸ್. ಕೊನೇಲಿ ಎರಡೂ ಕೈಲಿ ಹಿಡ್ಕೊಂಡು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಯೋದು. ಸೆಟ್ ಮುಗಿದಾಗ ಇನ್ನು ಎರಡು ಸಲ ಎತ್ತಬಹುದು ಅನ್ನೋ ಹಾಗಿರ್ಬೇಕು, ಅಲ್ಲಿಗೆ ನಿಲ್ಲಿಸ್ತೀನಿ. ಮೊದಲ ವಾರ ಈ ಬುದ್ಧಿ ಇರ್ಲಿಲ್ಲ, ಸಿಕ್ಕಾಪಟ್ಟೆ ಸ್ಕ್ವಾಟ್ ಹೊಡೆದು ಮೂರು ದಿನ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೋಬೇಕಾಯ್ತು. ಆ ನೋವು ಒಂದರಿಂದ ಮೂರು ದಿನದೊಳಗೆ ಏರಿ ಆಮೇಲೆ ಇಳಿಯುತ್ತೆ, ಹೆದರ್ಬೇಕಾಗಿಲ್ಲ. ಆದ್ರೆ ಕೀಲಲ್ಲಿ ಚುಚ್ಚಿದ ಹಾಗಾದ್ರೆ, ಕಾಲಿಗೆ ಜುಮ್ ಅಂತ ಇಳಿದ್ರೆ ಅದು ಬೇರೆ, ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಅಥವಾ ಫಿಸಿಯೋಗೆ ತೋರಿಸಿ.

ಈಗ ಸೆಟ್ಟಿನ ನಿಜವಾದ ತೊಂದರೆ. ಪ್ಲೇಟನ್ನ ಎರಡೂ ಬದಿಗೆ ಹಾಕ್ಬೇಕಲ್ಲ, ಹಾಗಾಗಿ ಕಮ್ಮಿ ಅಂದ್ರೂ 2.5 ಕೆಜಿ ಏರುತ್ತೆ. ಸ್ಕ್ವಾಟಿಗೆ ಅದು ಲೆಕ್ಕಕ್ಕಿಲ್ಲ. ಶೋಲ್ಡರ್ ಪ್ರೆಸ್ಸಿಗೆ 7.5ರಿಂದ 10ಕ್ಕೆ ಹೋಗೋದು ಅಂದ್ರೆ ಮೂರನೇ ಒಂದು ಭಾಗ ಒಂದೇ ಏಟಿಗೆ ಜಾಸ್ತಿ! ನನ್ನ ನೋಟ್‌ಬುಕ್ಕಲ್ಲಿ ಎರಡು ತಿಂಗಳು ಒಂದೇ ಸಾಲು ಇದೆ, 7.5 ಕೆಜಿ, ಮೂರು ಸೆಟ್ಟಲ್ಲಿ 10, 9, 7 ಸಲ. 10 ಕೆಜಿ ಹಾಕಿದ್ರೆ ಎರಡೇ ಸಲ ಮೇಲೆ ಹೋಗ್ತಿತ್ತು, ಬೆನ್ನು ಬಿಲ್ಲಾಗ್ತಿತ್ತು. ಕೊನೆಗೆ ಅದೇ ರಾಡಿಗೆ ಕೂರೋ ಅರ್ಧ ಕೆಜಿ ಪ್ಲೇಟು ನಾಲ್ಕು ಬೇರೆ ತರಿಸ್ದೆ. 8.5ಕ್ಕೆ ಹೋದೆ, ಅಲ್ಲಿ 12 ಸಲ ಆಗೋ ತನಕ ಕೂತೆ, ಆಮೇಲೆ 10 ತಾನಾಗೇ ಬಂತು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡು ಕಾಲು ಸೊರಗಿದ ಸೈನಿಕರಿಗೆ ಮಾಡಿಸಿದ್ದೂ ಇದನ್ನೇ, ತೂಕ ಎತ್ತಿಸೋದು, ಬಲ ಬಂದ ಹಾಗೆ ತೂಕ ಏರಿಸ್ತಾ ಹೋಗೋದು. 1945ರಲ್ಲಿ ಆತ ಅದನ್ನ ಪ್ರಕಟಿಸಿದ್ದು. ನೀವು ತಗೊಳ್ಳೋದಾದ್ರೆ ಸಣ್ಣ ಪ್ಲೇಟು ಮೊದಲ ದಿನಾನೇ ಸೇರಿಸಿ ತಗೊಳ್ಳಿ, ನಾನು ಕಳ್ಕೊಂಡ ಎರಡು ತಿಂಗಳು ನಿಮಗೆ ಉಳಿಯುತ್ತೆ.

ಎರಡನೇ ತೊಂದರೆ ನಟ್ಟು. ಅದರೊಳಗೆ ಒಂದು ಕಪ್ಪು ರಬ್ಬರ್ ರಿಂಗ್ ಇದೆ, ಪ್ಲೇಟನ್ನ ಒತ್ತಿ ಹಿಡಿಯೋದು ಅದೇ. ಹದಿನಾಲ್ಕನೇ ತಿಂಗಳಿಗೆ ಎರಡು ನಟ್ಟಿಂದು ಬಿರುಕು ಬಿಡ್ತು. ಒಂದಿನ ತಲೆ ಮೇಲೆ ಎತ್ತಿದಾಗ ಟಕ್ ಅಂತ ಸದ್ದು, ಇಳಿಸಿ ನೋಡಿದ್ರೆ ನಟ್ಟು ಎರಡು ಸುತ್ತು ಬಿಚ್ಕೊಂಡಿದೆ, ಪ್ಲೇಟು ಅಲ್ಲಾಡ್ತಿದೆ. ಆ ಕ್ಷಣ ಕೈ ನಡುಗಿದ್ದು ಇನ್ನೂ ನೆನಪಿದೆ. ಮಾರಿದವರಿಗೆ ಎರಡು ಸಲ ಬರೆದ್ರೂ ಉತ್ತರ ಬರ್ಲಿಲ್ಲ, ಅದೇ ಅಳತೆಯ ವಾಷರ್ ನಾನೇ ಹುಡುಕಿ ಹಾಕ್ದೆ. ಅವತ್ತಿಂದ ಪ್ರತಿ ಸೆಟ್ಟಿಗೂ ಮುಂಚೆ ನಾಲ್ಕೂ ನಟ್ಟು ಕೈಯಲ್ಲಿ ತಿರುಗಿಸಿ ನೋಡ್ತೀನಿ, ನೀವೂ ದಯವಿಟ್ಟು ನೋಡಿ. ಪ್ಲೇಟ್ ಬದಲಾಯಿಸಕ್ಕೆ ಒಂದೂವರೆ ನಿಮಿಷ ಆಗುತ್ತೆ, ಸೆಟ್ಟುಗಳ ಮಧ್ಯೆ ಹೇಗಿದ್ರೂ ಎರಡು ನಿಮಿಷ ರೆಸ್ಟ್ ಬೇಕಲ್ಲ, ಹಾಗಾಗಿ ಅದು ನನಗೆ ದೊಡ್ಡ ವಿಷಯ ಅನ್ನಿಸ್ಲಿಲ್ಲ. ಬಣ್ಣ ಅಲ್ಲಲ್ಲಿ ಕಿತ್ತಿದೆ, ಬೆವರು ಒರೆಸಿಟ್ರೆ ತುಕ್ಕು ಹಿಡಿಯಲ್ಲ. ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಪ್ಲೇಟಿನ ಸೆಟ್ ಮಾತ್ರ ತಗೋಬೇಡಿ, ಪ್ಲೇಟು ದಪ್ಪ ಇರೋದ್ರಿಂದ ನಾಲ್ಕು ಹಾಕೋಷ್ಟರಲ್ಲಿ ರಾಡಲ್ಲಿ ಜಾಗವೇ ಮುಗಿದುಹೋಗುತ್ತೆ.

ಮೊದಲ ಆರೆಂಟು ವಾರ ತೂಕ ಬೇಗ ಬೇಗ ಏರುತ್ತೆ ಆದ್ರೆ ಕನ್ನಡೀಲಿ ಏನೂ ಕಾಣಲ್ಲ, ಆಗ ಕಲೀತಿರೋದು ಹೆಚ್ಚಾಗಿ ನರಗಳು, ಸ್ನಾಯು ದಪ್ಪ ಆಗೋದು ನಿಧಾನ. ಇದು ಗೊತ್ತಿಲ್ದೇನೇ ಎಷ್ಟೋ ಜನ ಅಲ್ಲೇ ಬಿಡ್ತಾರೆ, ನನಗೆ ಅದು ಬೇಜಾರು. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೀರು ಖಾಲಿ ಆಗಿತ್ತು. ನಾನು ಬಗ್ಗಿದ್ದು ನೋಡಿ ಅಮ್ಮ, "ಏ, ಇರೇ, ನಿನ್ನ ಗಂಡ ಬರ್ಲಿ" ಅಂದ್ರು. ಸೊಂಟ ಹಿಂದಕ್ಕೆ ತಳ್ಳಿದೆ, ಕ್ಯಾನನ್ನ ಮೈಗೆ ಅಂಟಿಸ್ಕೊಂಡೆ, ತೊಡೆ ಮೇಲೆ ಒಂದು ಗಳಿಗೆ ನಿಲ್ಲಿಸಿ ಎದೆ ಮಟ್ಟಕ್ಕೆ ತಂದು ಸ್ಟ್ಯಾಂಡ್ ಮೇಲೆ ಇಟ್ಟೆ. ಒಂದು ಹನಿ ಚೆಲ್ಲಲಿಲ್ಲ. ಅಮ್ಮ ಏನೂ ಅನ್ನದೆ ನನ್ನ ತೋಳು ಮುಟ್ಟಿ ನೋಡಿದ್ರು.

ನನ್ನ ತೂಕ ಇಷ್ಟು ದಿನಕ್ಕೆ ಎರಡೂವರೆ ಕೆಜಿ ಇಳಿದಿದೆ, ಅಷ್ಟೇ, ಆದ್ರೆ ನೆಲದಿಂದ ಕೈ ಊರದೆ ಏಳ್ತೀನಿ. ಅಮ್ಮನಿಗೆ 71, ಅವರೂ ಈಗ ವಾರಕ್ಕೆರಡು ದಿನ ಕುರ್ಚೀಲಿ ಕೂತು ಏಳ್ತಾರೆ. ಶುರುಲಿ ಕೈ ಊರಿ ಐದು ಸಲ, ಈಗ ಪ್ಲೇಟಿಲ್ಲದ ಖಾಲಿ ರಾಡು ಎದೆಗೆ ಹಿಡ್ಕೊಂಡು ಹತ್ತು ಸಲ.

ಡೆಡ್‌ಲಿಫ್ಟಿಗೆ ನನಗೆ 15 ಸಾಲ್ತಿಲ್ಲ, ರಾಡಲ್ಲಿ ಇನ್ನೂ ಜಾಗ ಇದೆ, 2.5ರ ಪ್ಲೇಟು ನಾಲ್ಕು ಆರ್ಡರ್ ಮಾಡಿದೀನಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದು ಆ ರಬ್ಬರ್ ರಿಂಗಿಗೆ ಮತ್ತೆ ಉತ್ತರ ಕೊಡದೇ ಇದ್ದಿದ್ದಕ್ಕೆ.