ಕೊಡಗಿನ ಮಳೆಗೂ ಚಳಿಗೂ ಯುನಿಕ್ಲೋದ ಸಾದಾ ಬಟ್ಟೆ

ಜಪಾನಿನ ಯುನಿಕ್ಲೋ ಕಂಪನಿಯ ಬಟ್ಟೆ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುವಂಥದ್ದಲ್ಲ. ಚಿತ್ತಾರ ಇಲ್ಲ, ಎದೆ ಮೇಲೆ ದೊಡ್ಡ ಹೆಸರಿಲ್ಲ, ಬಣ್ಣ ಅಂದರೆ ಹೆಚ್ಚಾಗಿ ಕಡುನೀಲಿ, ಬೂದು, ಕಪ್ಪು, ಆಲಿವ್. ಭಾರತದಲ್ಲಿ ಇವರ ಮೊದಲ ಅಂಗಡಿ 2019ರ ಅಕ್ಟೋಬರ್‌ನಲ್ಲಿ ದೆಹಲಿಯ ವಸಂತ್ ಕುಂಜ್‌ನಲ್ಲಿ ಶುರುವಾಯಿತು. ದೆಹಲಿ ಕಂಟೋನ್ಮೆಂಟ್‌ನಿಂದ ಅದು ದೂರವಿಲ್ಲ, ಹಾಗಾಗಿ ಸೇನೆಯಲ್ಲಿರುವ ನಮ್ಮ ಅಣ್ಣ (ಕೊಡಗಿನ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬರಾದರೂ ಇರುತ್ತಾರೆ ಅಲ್ವಾ) ರಜೆಗೆ ಬರುವಾಗ ಒಂದೆರಡು ಟೀಶರ್ಟ್ ತಂದುಕೊಟ್ಟಿದ್ದ. ಮನೆಯಲ್ಲಿ ಹಾಕೋಕೆ ಸಾಕು ಅಂತ ಸುಮ್ನೆ ಇಟ್ಟುಕೊಂಡಿದ್ದೆ. ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ನೋಡಿದರೆ ಆಫೀಸಿಗೆ, ತೋಟಕ್ಕೆ, ಮೈಸೂರಿಗೆ ಹೋಗುವಾಗ ಎಲ್ಲದಕ್ಕೂ ಅವನ್ನೇ ಎತ್ತಿಕೊಳ್ಳುತ್ತಿದ್ದೆ.

ಕಾರಣ ಸರಳ. ಜೂನ್ ಬಂತೆಂದರೆ ಇಲ್ಲಿ ಬಟ್ಟೆ ಬಗ್ಗೆ ನಾವೆಲ್ಲ ಕೇಳುವುದು ಒಂದೇ, ಒಣಗುತ್ತಾ? ಮಡಿಕೇರಿಯಲ್ಲಿ ಜೀನ್ಸ್ ಒಗೆದು ಹಾಕಿದರೆ ದಿನಗಟ್ಟಲೆ ಹಾಗೇ ತಣ್ಣಗೆ ನೇತಾಡುತ್ತದೆ, ಒಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ, ಬೀರುವಿನೊಳಗೆ ಬಲ್ಬ್ ಉರಿಸಿದರೂ ಕಾಲರ್ ಮೇಲೆ ಬೂಷ್ಟು. ಹತ್ತಿ ಬಟ್ಟೆ ಗಾಳಿಯಲ್ಲಿರುವ ತೇವವನ್ನೇ ತನ್ನ ತೂಕದ ಶೇ 8ರಷ್ಟು ಹೀರಿಕೊಂಡು ಕೂರುತ್ತದೆ, ಪಾಲಿಯೆಸ್ಟರ್ ಹೀರುವುದು ಶೇ 1ಕ್ಕಿಂತ ಕಡಿಮೆ. ಯುನಿಕ್ಲೋದ ಏರಿಸಂ ಅನ್ನುವ ಗಂಡಸರ ಒಳಬನಿಯನ್‌ಗಳು ಪಾಲಿಯೆಸ್ಟರ್ ಕಡೆಯವು, ನೂಲು ತುಂಬಾ ಸಣ್ಣ. ರಾತ್ರಿ ಹಿಂಡಿ ಒಳಗಿನ ಜಗಲಿಯಲ್ಲಿ ಫ್ಯಾನ್ ಕೆಳಗೆ ಹಾಕಿದರೆ ಬೆಳಗ್ಗೆ ಹಾಕಿಕೊಳ್ಳಬಹುದು. ಭಾಗಮಂಡಲದ ಕಡೆ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಯೆಸ್ಟರ್ ಅಂದರೆ ಮೈಗೆ ಅಂಟಿ ಕಿರಿಕಿರಿ ಮಾಡುತ್ತದೆ ಅಂತ ನಾನೂ ದೂರ ಇಡುತ್ತಿದ್ದೆ, ಇದು ಹಾಗಿಲ್ಲ, ನುಣುಪಾಗಿದೆ, ಹಾಕಿದ್ದೇ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಂಥ ಬಟ್ಟೆಯನ್ನು ಒಲೆ ಹತ್ತಿರ, ಕೆಂಡದ ಮೇಲೆ ಒಣಹಾಕಬೇಡಿ. ಬಿಸಿ ಜಾಸ್ತಿಯಾದರೆ ಹತ್ತಿಯೂ ಸುಡುತ್ತದೆ, ಆದರೆ ಕರಗುವುದಿಲ್ಲ, ಇದು ಕರಗಿ ಹೋಗುತ್ತದೆ.

ಇನ್ನು ಚಳಿಯ ಕಥೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ತೋಟಕ್ಕೆ ಇಳಿಯುವಾಗ ಮಂಜು, ಹಲ್ಲು ಕಡಿಯುವ ಚಳಿ. ಹನ್ನೊಂದು ಗಂಟೆಗೆ ಬಿಸಿಲು ಚುರುಕು. ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುವ ಹೊತ್ತಿಗೆ ಮತ್ತೆ ಚಳಿ. ದಪ್ಪ ಸ್ವೆಟರ್ ಒಂದನ್ನೇ ನಂಬಿದರೆ ಅದನ್ನು ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಕು. ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿ, ಬಿಸಿಲೇರಿದಂತೆ ಒಂದೊಂದೇ ತೆಗೆಯುವುದು ಇಲ್ಲಿಗೆ ಸರಿ. ಯುನಿಕ್ಲೋ ಬಟ್ಟೆಗಳು ಇಂಥ ಪದರಕ್ಕೆ ಹೇಳಿ ಮಾಡಿಸಿದಂತಿವೆ. ಒಳಗೆ ಹೀಟ್‌ಟೆಕ್ ಅನ್ನುವ ತೆಳು ಬೆಚ್ಚನೆ ಒಳಬಟ್ಟೆ, ಅದರ ಮೇಲೆ ಶರ್ಟ್, ಮೇಲೆ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಜಾಕೆಟ್), ಎಲ್ಲೂ ಮುದುಡಿ ಉಬ್ಬುವುದಿಲ್ಲ. ಹೀಟ್‌ಟೆಕ್ ಅನ್ನು ಟೋರೆ ಅನ್ನುವ ಜಪಾನಿ ನೂಲಿನ ಕಂಪನಿ ಜೊತೆ ಸೇರಿ ಮಾಡಿ 2003ರಲ್ಲಿ ಮಾರಾಟಕ್ಕೆ ತಂದರು. ಮೈಯಿಂದ ಬರುವ ಆವಿಯನ್ನು ನೂಲು ಹಿಡಿದುಕೊಂಡು ಬೆಚ್ಚಗಾಗುತ್ತದೆ. ಅದಕ್ಕೇ ಇದು ಕೂತು ಕೆಲಸ ಮಾಡುವವರಿಗೆ, ಬೆಳಗ್ಗೆ ಸ್ಕೂಟರ್‌ನಲ್ಲಿ ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತುವವರಿಗೆ ಒಳ್ಳೆಯದು. ತಡಿಯಂಡಮೋಳ್ ಬೆಟ್ಟ ಹತ್ತೋಕೆ ಹೊರಟಿದ್ದರೆ ಮನೆಯಲ್ಲೇ ಬಿಡಿ. ಬೆವರು ಸುರಿಯುವ ಕೆಲಸಕ್ಕೆ ಇದು ಆಗಿಬರುವುದಿಲ್ಲ.

ಫ್ಲೀಸ್ ಬಗ್ಗೆ ನನಗೆ ನಿಜವಾಗಿ ಪ್ರೀತಿ. 1984ರಲ್ಲಿ ಹಿರೋಷಿಮಾದಲ್ಲಿ ಮೊದಲ ಯುನಿಕ್ಲೋ ಅಂಗಡಿ ತೆರೆದರೂ ಜಪಾನಿನಲ್ಲಿ ಮನೆಮಾತಾಗಿದ್ದು 1998ರಲ್ಲಿ, ಟೋಕಿಯೋದ ಹರಾಜುಕುದಲ್ಲಿ 1,900 ಯೆನ್‌ಗೆ ಫ್ಲೀಸ್ ಜಾಕೆಟ್ ಮಾರಿದಾಗ. ಇಲ್ಲಿನ ಮಂಜಿನಲ್ಲಿ ಸ್ವಲ್ಪ ಒದ್ದೆಯಾದರೂ ಅದು ಬೆಚ್ಚಗೇ ಇರುತ್ತದೆ, ಕೊಡವಿದರೆ ನೀರು ಹೋಗುತ್ತದೆ. ಎಲ್ಲರೂ ಹೊಗಳುವ ಅಲ್ಟ್ರಾ ಲೈಟ್ ಡೌನ್ ಜಾಕೆಟ್ ಮಾತ್ರ ನಮ್ಮೂರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಒಳಗಿರುವುದು ಹಕ್ಕಿಯ ಮೃದು ತುಪ್ಪಳ, ಒದ್ದೆಯಾದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣವೇ ಹೋಗುತ್ತದೆ. ದೆಹಲಿಯ ಒಣ ಚಳಿಗೆ ಅದು ಸರಿ. ಪಾಕೆಟಬಲ್ ಪಾರ್ಕಾ, ಅಂದರೆ ಸಣ್ಣದಾಗಿ ಮಡಚಿ ಇಡಬಹುದಾದ ತೆಳು ಜಾಕೆಟ್, ಕೂಡ ತುಂತುರು ಹನಿಗೆ ಅಷ್ಟೇ, ಅದನ್ನು ನಂಬಿ ಜುಲೈನಲ್ಲಿ ಕೊಡೆ ಬಿಟ್ಟು ಹೊರಡಬೇಡಿ. ನಾನು ಹಿಂದೆ ಬೇರೆಲ್ಲೋ ವಾಟರ್‌ಪ್ರೂಫ್ ಅನ್ನುವ ಮಾತು ನಂಬಿ ತಗೊಂಡ ಜಾಕೆಟ್ ಮೊದಲ ದೊಡ್ಡ ಮಳೆಗೇ ಹೆಗಲಿನ ಹೊಲಿಗೆಯಲ್ಲಿ ಸೋರಿತ್ತು. ಪಾರ್ಕಾವನ್ನು ಯುನಿಕ್ಲೋದವರು ನೀರು ಜಾರಿಹೋಗುತ್ತದೆ ಅಂತ ಹೇಳುತ್ತಾರೆಯೇ ಹೊರತು ಪೂರ್ತಿ ತಡೆಯುತ್ತದೆ ಅಂತ ಹೇಳುವುದಿಲ್ಲ. ಈ ನೇರ ಮಾತು ನನಗೆ ಹಿಡಿಸಿತು.

ಸಾದಾತನದ ಬಗ್ಗೆ ಇನ್ನೊಂದು ಮಾತು. ಕೊಡವ ಗಂಡಸರು ಹಾಕುವ ಉದ್ದನೆಯ ಕಪ್ಪು ಕುಪ್ಯ ನೋಡಿ, ಅದರಲ್ಲಿ ಒಂದು ಹೂವಿನ ಚಿತ್ರವೂ ಇಲ್ಲ, ಆದರೂ ಮೇಲೆ ಸೊಂಟಕ್ಕೆ ಕೆಂಪು ಚೇಲೆ ಬಿಗಿದಾಗ ಎಷ್ಟು ಲಕ್ಷಣ! ಯುನಿಕ್ಲೋದ ಕಡುನೀಲಿ ಪ್ಯಾಂಟ್, ಬಿಳಿ ಆಕ್ಸ್‌ಫರ್ಡ್ ಶರ್ಟ್ ಕೂಡ ಹೀಗೇ, ಜೊತೆಗೆ ಏನು ಹಾಕಿದರೂ ಒಪ್ಪುತ್ತದೆ. ಆಕ್ಸ್‌ಫರ್ಡ್ ಶರ್ಟ್ ಪೂರ್ತಿ ಹತ್ತಿ, ಮಳೆಗಾಲದಲ್ಲಿ ಒಣಗೋಕೆ ಸತಾಯಿಸುತ್ತದೆ, ಆದರೂ ಹುತ್ತರಿ ಹಬ್ಬ ಮುಗಿದ ಮೇಲೆ ಬೇಸಿಗೆವರೆಗೆ ಅದಕ್ಕಿಂತ ಒಳ್ಳೆ ಶರ್ಟ್ ನನ್ನ ಹತ್ತಿರ ಇಲ್ಲ. ತೋಟಕ್ಕೆ ಬಿಳಿ ಬೇಡವೇ ಬೇಡ, ಕೆಂಪು ಮಣ್ಣು, ಕಾಫಿ ಹಣ್ಣಿನ ಕಲೆ ಎರಡೂ ಹೋಗುವುದಿಲ್ಲ. ಆಲಿವ್ ತಗೊಳ್ಳಿ.

ನನ್ನನ್ನು ಪೂರ್ತಿ ಒಲಿಸಿಕೊಂಡಿದ್ದು ಮತ್ತೊಂದು ವಿಷಯ. ಇಷ್ಟವಾದ ಟೀಶರ್ಟ್ ಹಳೆಯದಾದರೆ ಮುಂದಿನ ವರ್ಷ ಅದೇ ಕುತ್ತಿಗೆ, ಹೆಚ್ಚುಕಮ್ಮಿ ಅದೇ ಅಳತೆಯಲ್ಲಿ ಮತ್ತೆ ಸಿಗುತ್ತದೆ. ಪ್ರತಿ ಸೀಸನ್‌ಗೆ ಎಲ್ಲವನ್ನೂ ಬದಲಾಯಿಸುವ ಅಂಗಡಿಗಳಿಂದ ನನಗೆ ಸಾಕಾಗಿತ್ತು.

ಬೆಲೆ ಕಡಿಮೆ ಅಂತ ಹೇಳಲಾರೆ. ಒಂದು ಸಾದಾ ಟೀಶರ್ಟ್‌ಗೆ ಸಾವಿರ, ಒಂದೂವರೆ ಸಾವಿರದ ಆಸುಪಾಸು ಕೊಡಬೇಕು ಅಂದರೆ ಗೋಣಿಕೊಪ್ಪದ ಸಂತೆಯಲ್ಲಿ ಬಟ್ಟೆ ತಗೊಂಡು ಬೆಳೆದ ನಮಗೆ ಜಾಸ್ತಿಯೇ ಅನಿಸುತ್ತದೆ. ಮೇಲಾಗಿ ಕೊಡಗಿನಲ್ಲಿ ಅಂಗಡಿ ಇಲ್ಲ, ಮುಟ್ಟಿ ನೋಡಿ ತಗೊಳ್ಳೋಕೆ ಆಗಲ್ಲ. ಆನ್‌ಲೈನ್‌ನಲ್ಲಿ ಒಂದೊಂದು ಬಟ್ಟೆಯ ಉದ್ದ, ಎದೆಯ ಅಗಲ ಎಲ್ಲ ಕೊಟ್ಟಿರುತ್ತಾರೆ. ನಿಮ್ಮ ಮೈಗೆ ಸರಿಯಾಗಿ ಕೂರುವ ಒಂದು ಶರ್ಟನ್ನು ಮಂಚದ ಮೇಲೆ ಹಾಸಿ ಟೇಪ್ ಹಿಡಿದು ಅಳೆದು, ಆ ಪಟ್ಟಿ ಜೊತೆ ಹೋಲಿಸಿ, ಆಮೇಲೆ ಆರ್ಡರ್ ಮಾಡಿ. ಬರೀ ಮೀಡಿಯಂ, ಲಾರ್ಜ್ ನಂಬಬೇಡಿ. ಹೊಸಬರು ಮೇ ತಿಂಗಳಲ್ಲೇ ಎರಡು ಏರಿಸಂ ತಗೊಂಡು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಗೆದು ನೋಡಿ. ಅದು ಒಪ್ಪಿಗೆಯಾದರೆ ಮಾತ್ರ ನವೆಂಬರ್‌ನಲ್ಲಿ ಫ್ಲೀಸ್‌ಗೆ ದುಡ್ಡು ಹಾಕಿ.