ಅಜ್ಜನ ಕೋವಿಯೊಳಗೆ ಗಂಧಕ ಸುರಿದವನ ಎಚ್ಚರಿಕೆ

ಮನೆಯಲ್ಲಿ ಹಳೆಯ ರೈಫಲ್ ಇದೆ, ಅದಕ್ಕೆ ಯಾವ ತೋಟಾ ಎಂದು ಯಾರಿಗೂ ಗೊತ್ತಿಲ್ಲ, ಗಂಧಕ ಕರಗಿಸಿ ಒಳಗೆ ಸುರಿದು ಅಚ್ಚು ತೆಗೆದರೆ ತಿಳಿದುಹೋಗುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ಒಲೆ ಹಚ್ಚುವ ಮೊದಲು ಇದನ್ನು ಓದಿ. ಕಳೆದ ಕಕ್ಕಡ ತಿಂಗಳಿನಲ್ಲಿ (ನಮ್ಮ ಕೊಡಗಿನ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಾನು ಹಾಗೆ ಹೊರಟವನು. ಅವ್ವ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು, ಅಜ್ಜನ ಕೋವಿಯ ಬಾಯಿ ಗೀರಿಹೋಯಿತು, ಅಚ್ಚಂತೂ ಸಿಗಲೇ ಇಲ್ಲ.

ಕೋವಿ ಮಾರ್ಟಿನಿ ಜಾತಿಯದು. ಕೆಳಗಿನ ಲಿವರ್ ಎಳೆದರೆ ಹಿಂದಿರುವ ಉಕ್ಕಿನ ದಪ್ಪ ತುಂಡು ತಲೆ ತಗ್ಗಿಸುತ್ತದೆ, ಮೇಲಿನಿಂದ ಒಂದು ತೋಟಾ ಜಾರಿಸಬೇಕು, ಲಿವರ್ ಮುಚ್ಚಬೇಕು, ಹೊಡೆಯಬೇಕು. ಒಂದು ಸಲಕ್ಕೆ ಒಂದೇ. ಬ್ರಿಟಿಷ್ ಸೇನೆ ಈ ಮಾದರಿಯನ್ನು 1871ರಲ್ಲಿ ತೆಗೆದುಕೊಂಡಿತು. ಅದೇ ಯಂತ್ರವನ್ನು ಇಟ್ಟುಕೊಂಡು ಬೇಟೆಗೆಂದು ಮಾಡಿದ ಕೋವಿಗಳೂ ಬಂದವು, ನಮ್ಮದು ಅಂಥದ್ದು. ಅಜ್ಜ ಅದನ್ನು ಒಬ್ಬ ತೋಟದ ದೊರೆಯಿಂದ ಪಡೆದರಂತೆ. ಅಪ್ಪ ಅದರಲ್ಲಿ ಒಂದು ಗುಂಡನ್ನೂ ಹೊಡೆದವರಲ್ಲ. ವರ್ಷಕ್ಕೊಮ್ಮೆ ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಹೊರಗೆ ಬಂದು, ತೋಕ್ ಪೂ ಎಂಬ ಹೂ ಸಿಕ್ಕಿಸಿಕೊಂಡು, ಗಂಧ ಹಚ್ಚಿಸಿಕೊಂಡು ಮತ್ತೆ ಅಲಮಾರು ಸೇರುವುದಷ್ಟೇ ಅದರ ಕೆಲಸ.

ಅಪ್ಪ ತೀರಿಹೋದ ಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಅರ್ಜಿಯಲ್ಲಿ ‘ಬೋರ್’ (ಕೋವಿಯ ಅಳತೆ) ಎಂಬ ಮಾತಿನ ಮುಂದೆ ಖಾಲಿ ಗೆರೆ. ಹಳೆಯ ಕಾಗದದಲ್ಲಿ ಆ ಜಾಗ ಜಿರಳೆ ತಿಂದು ಹೋಗಿತ್ತು. ನಳಿಗೆಯ ಬಾಯಿಗೆ ವರ್ನಿಯರ್ ಹಿಡಿದು ನೋಡಿದೆ, ಸುಮಾರು 0.45 ಅಂಗುಲ ಬಂತು. ಹಾಗಾದರೆ 450 ಎಂದು ಬರೆದುಬಿಡುವುದೇ? ಅಲ್ಲೇ ಇರುವುದು ತೊಡಕು. ಬಾಯಿಯ ಅಳತೆ ಹೇಳುವುದು ಗುಂಡಿನ ದಪ್ಪವನ್ನು ಮಾತ್ರ. ತೋಟಾ ಕೂರುವ ಹಿಂದಿನ ಮನೆ, ಅಂದರೆ ಚೇಂಬರ್, ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. 450ರ ಗುಂಡನ್ನು ನೇರ ಕೊಳವೆಯಂಥ ತೋಟಾದಲ್ಲೂ ಕೂರಿಸುತ್ತಿದ್ದರು, 500ರ ಕೊಳವೆಯ ಕುತ್ತಿಗೆ ಹಿಸುಕಿದ್ದರಲ್ಲೂ ಕೂರಿಸುತ್ತಿದ್ದರು, 577ರ ಕೊಳವೆಯನ್ನು ಬಾಟಲಿಯಂತೆ ಸಣ್ಣ ಮಾಡಿದ್ದರಲ್ಲೂ ಕೂರಿಸುತ್ತಿದ್ದರು. ಮೂರೂ ಬೇರೆ ಬೇರೆ ತೋಟಾಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿ ಹೊಡೆದರೆ ಹಿತ್ತಾಳೆ ಸೀಳಿ ಬಿಸಿ ಅನಿಲ ಹಿಂದಕ್ಕೆ, ಮುಖಕ್ಕೇ ಬರುತ್ತದೆ. ಹಾಗಾಗಿ ಚೇಂಬರಿನ ಆಕಾರ ತಿಳಿಯಬೇಕು ಎಂದುಕೊಂಡದ್ದರಲ್ಲಿ ನನ್ನ ತಪ್ಪಿರಲಿಲ್ಲ. ಮುಂದಿನದೆಲ್ಲ ತಪ್ಪು.

ಸೇನೆಯಿಂದ ನಿವೃತ್ತರಾದ ನನ್ನ ಸೋದರಮಾವ ಸರಿಯಾದ ದಾರಿಯನ್ನೇ ಹೇಳಿದ್ದರು. ‘ಸೆರೋಸೇಫ್’ ಎಂಬ ಮಿಶ್ರಲೋಹವೊಂದಿದೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿಸಿ ಮಾಡಿದ್ದು. 70ರಿಂದ 88 ಡಿಗ್ರಿಯೊಳಗೆ ಕರಗುತ್ತದೆ, ಎಂದರೆ ಬಿಸಿನೀರಿನಲ್ಲಿ ಇಟ್ಟರೆ ಸಾಕು, ಬೆಂಕಿಗೆ ನೇರ ಒಡ್ಡುವ ಅಗತ್ಯವಿಲ್ಲ. ಚೇಂಬರಿನ ಮುಂದೆ ನಳಿಗೆಯಲ್ಲಿ ಬಟ್ಟೆಯ ಬಿರಡೆ ಬಿಗಿದು, ಒಳಗೆ ತೆಳ್ಳಗೆ ಎಣ್ಣೆ ಸವರಿ, ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಮೊದಲ ಅರ್ಧ ಗಂಟೆ ಅದು ಸ್ವಲ್ಪ ಕುಗ್ಗುತ್ತದೆ, ಆಗ ಬಿಡಿಸಿ ತೆಗೆಯಬಹುದು. ನಂತರ ಹಿಗ್ಗತೊಡಗಿ, ಸುರಿದ ಒಂದು ಗಂಟೆಯ ಹೊತ್ತಿಗೆ ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ. ಅಳೆಯುವುದು ಆಗ. ಅಕಸ್ಮಾತ್ ಸಿಕ್ಕಿಕೊಂಡರೂ ಕುದಿಯುವ ನೀರು ಹೊಯ್ದರೆ ಕರಗಿ ಹರಿದುಹೋಗುತ್ತದೆ. ಸೀಸ, ಕ್ಯಾಡ್ಮಿಯಂ ಇರುವುದರಿಂದ ಅಡುಗೆಯ ಪಾತ್ರೆ ಮುಟ್ಟಿಸಬಾರದು, ಬೇಕಾದ್ದಕ್ಕಿಂತ ಕಾಯಿಸಬಾರದು, ಆ ಹೊಗೆ ವಿಷ. “ಬೆಂಗಳೂರಿಗೆ ಹೋದಾಗ ವಿಚಾರಿಸುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು” ಎಂದರು ಮಾವ. ಅಷ್ಟಕ್ಕೆ ನಿಲ್ಲಿಸಲಿಲ್ಲ. “ಹಿಂದೆಲ್ಲ ಇದು ಸಿಗದಿದ್ದಾಗ ಗಂಧಕ ಕರಗಿಸಿ ಹೊಯ್ಯುತ್ತಿದ್ದರು, ಜೊತೆಗೆ ಒಂದಿಷ್ಟು ದೀಪದ ಕಪ್ಪು, ಕರ್ಪೂರ” ಎಂದೂ ಸೇರಿಸಿದರು. ನಾನು ಕೇಳಿಸಿಕೊಂಡದ್ದು ಆ ಕೊನೆಯ ಮಾತನ್ನು ಮಾತ್ರ. ಕೈಲ್‌ಪೊಳ್ದಿಗೆ ಒಂದು ತಿಂಗಳಿತ್ತು, ಅಷ್ಟರೊಳಗೆ ಎಲ್ಲ ಮುಗಿಸುವ ಆತುರ ನನಗೆ.

ತೋಟದ ಔಷಧಿ ಗೂಡಿನಲ್ಲಿದ್ದ ಸಿಂಪಡಿಸುವ ಗಂಧಕದ ಪುಡಿ ಕರಗದೆ ಕೆಸರಿನಂತಾಯಿತು, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಆಮೇಲೆ ಗ್ರಂಧಿಗೆ ಅಂಗಡಿಯಿಂದ ಅರ್ಧ ಕಿಲೋ ಗಟ್ಟಿ ಗಂಧಕ ತಂದೆ. ಹಿಂದಿನ ದಿನ ಕಕ್ಕಡ ಹದಿನೆಂಟು, ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ತೊಳೆದು ಬೋರಲು ಹಾಕಿದ್ದ ಅದೇ ಪಾತ್ರೆ ಕೈಗೆ ಸಿಕ್ಕಿತು. ಹೊರಗೆ ಧೋ ಎಂದು ಮಳೆ, ಎರಚಲು ಬಡಿಯುತ್ತದೆಂದು ಅಡುಗೆಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಗ್ಯಾಸ್ ಒಲೆ ಹಚ್ಚಿದೆ.

ಗಂಧಕದ ಸ್ವಭಾವ ಗೊತ್ತಿಲ್ಲದವನು ಅದರ ಹತ್ತಿರ ಹೋಗಬಾರದು. 115 ಡಿಗ್ರಿ ದಾಟುತ್ತಿದ್ದಂತೆ ಕರಗಿ, ತಿಳಿಯಾದ ಹಳದಿ ನೀರಾಗುತ್ತದೆ, ಹೊಸ ಜೇನುತುಪ್ಪಕ್ಕಿಂತ ತೆಳು. ಸುರಿಯಬೇಕಾದದ್ದು ಆ ಹೊತ್ತಿನಲ್ಲಿ. ನಾನು ಇನ್ನೊಂದಿಷ್ಟು ಕಾಯಲಿ ಎಂದು ಬಿಟ್ಟೆ. 160 ಡಿಗ್ರಿಯ ಆಚೆ ಅದು ತಿರುಗಿಬೀಳುತ್ತದೆ. ಬಣ್ಣ ಕೆಂಪಾಗಿ, ಕಪ್ಪಾಗಿ, ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತ ಹೋಗುತ್ತದೆ. ಬೆಣ್ಣೆಯಿಂದ ಹಿಡಿದು ಸೀಸದವರೆಗೆ ಹೆಚ್ಚಿನವೆಲ್ಲ ಕಾಯಿಸಿದರೆ ತೆಳುವಾಗುತ್ತವೆ, ಇದು ಆ ಹಂತದಲ್ಲಿ ಕಾಯಿಸಿದಷ್ಟೂ ದಪ್ಪ. ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು. ಶಾಖ ಸಾಲದು ಎಂದುಕೊಂಡ ನಾನು ಉರಿ ಹೆಚ್ಚಿಸಿದೆ, ಮೇಲೆ ಕರ್ಪೂರದ ಎರಡು ಬಿಲ್ಲೆ ಹಾಕಿದೆ. ಕರ್ಪೂರ ಒಲೆಯ ಹತ್ತಿರ ಏನು ಮಾಡುತ್ತದೆ ಎಂದು ಮಂಗಳಾರತಿ ನೋಡಿದ ಮಗುವಿಗೂ ಗೊತ್ತು. ಭಗ್ಗೆಂದಿತು. ಪಾತ್ರೆಯ ಮೇಲೆ ನೀಲಿ ಜ್ವಾಲೆ ಹರಡಿತು. ಹಗಲಿನ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ, ಅಂಚು ಮಾತ್ರ ನಡುಗುತ್ತದೆ. ಗಂಟಲಿಗೆ ಸೂಜಿ ಚುಚ್ಚಿದಂತಾದಾಗಲೇ ನನಗೆ ಅರಿವಾದದ್ದು.

ಉರಿಯುವ ಗಂಧಕದಿಂದ ಏಳುವುದು ಸಲ್ಫರ್ ಡೈಆಕ್ಸೈಡ್. ಉಬ್ಬಸ ಇರುವವರಿಗೆ ಅದರ ಸ್ವಲ್ಪವೂ ಸಾಕು. ಅವ್ವನಿಗೆ ಉಬ್ಬಸವಿದೆ, ಮಳೆಗಾಲದಲ್ಲಿ ಹೆಚ್ಚು. ಅವಳು ಪಕ್ಕದ ಕೋಣೆಯಲ್ಲಿದ್ದಳು. ನಾನು ತಟ್ಟೆ ಮುಚ್ಚಿ ಬೆಂಕಿ ನಂದಿಸುವ ಹೊತ್ತಿಗೆ (ನೀರು ಹೊಯ್ಯಲಿಲ್ಲ, ಅದೊಂದು ಬುದ್ಧಿ ಇತ್ತು) ಒಳಗಿನಿಂದ ಕೆಮ್ಮು, ಕೆಮ್ಮಿನ ನಡುವೆ ಸಿಳ್ಳೆಯಂಥ ಉಸಿರು. ಹೆಂಡತಿ ಓಡಿಬಂದು ಕಿಟಕಿ ತೆರೆದಳು. “ಏನು ಸುಟ್ಟಿರಿ?” ಎಂದಳು. ಉತ್ತರ ಕೊಡಲು ನನಗೂ ಉಸಿರಿರಲಿಲ್ಲ. ಜೀಪಿನಲ್ಲಿ ವಿರಾಜಪೇಟೆಗೆ ಹೋಗುವ ದಾರಿ ಆ ದಿನದಷ್ಟು ಉದ್ದ ಯಾವತ್ತೂ ಅನಿಸಿರಲಿಲ್ಲ. ನೆಬ್ಯುಲೈಸರ್ ಇಟ್ಟರು, ರಾತ್ರಿ ಉಳಿಸಿಕೊಂಡರು, ಬೆಳಿಗ್ಗೆ ಕಳುಹಿಸಿದರು. ವೈದ್ಯರು ಕಾರಣ ಕೇಳಿದಾಗ ಹೆಂಡತಿಯೇ ಹೇಳಿದಳು. ಅವರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೂ ಇಲ್ಲಿಗೇ ಮುಗಿಯುತ್ತಿತ್ತು. ಮೂರನೆಯ ದಿನ, ಮನೆಯವರಿಗೆ ತಿಳಿಸದೆ, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ, ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿದೆ. ಈ ಸಲ ತೆಳುವಾಗಿರುವಾಗಲೇ ಸುರಿದೆ. ಸುರಿಯುವುದು ಸರಿಯಾಯಿತು ಎಂಬ ಹೆಮ್ಮೆಯಲ್ಲಿ ಎಣ್ಣೆ ಸವರಿಲ್ಲ ಎಂಬುದೇ ಮರೆತಿತ್ತು. ತುಂಬಬೇಕಾದದ್ದು ಚೇಂಬರಿನ ಅಂಚಿಗೆ ಸ್ವಲ್ಪ ಕಡಿಮೆ. ಮಾರ್ಟಿನಿಯಲ್ಲಿ ಚೇಂಬರಿನ ಹಿಂದೆ ಪೆಟ್ಟಿಗೆಯಂಥ ಪೊಳ್ಳು ಜಾಗವಿರುತ್ತದೆ, ಮೇಲಿನ ಕಿಂಡಿಯಿಂದ ಓರೆಯಾಗಿ ನೋಡುವವನಿಗೆ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಖಾಲಿ ತೋಟಾವನ್ನು ಹೊರಗೆಳೆಯುವ ಎರಡು ಕೊಕ್ಕೆಗಳು ಗಂಧಕದಲ್ಲಿ ಮುಳುಗಿದವು, ಇನ್ನಷ್ಟು ಹರಿದು ಕೆಳಗಿನ ಲಿವರಿನ ಸಂದಿಗೂ ಹೋಯಿತು. ತಣಿದ ಮೇಲೆ ಲಿವರ್ ಅಲ್ಲಾಡಲಿಲ್ಲ.

ಆಮೇಲೆ ನಾನು ಮಾಡಿದ್ದು ಎಲ್ಲಕ್ಕಿಂತ ಪೆದ್ದು ಕೆಲಸ. ಗಾರೆಯವರು ಬಿಟ್ಟುಹೋಗಿದ್ದ ಕಬ್ಬಿಣದ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ ಸುತ್ತಿಗೆಯಲ್ಲಿ ಬಡಿದೆ. ಗಂಧಕ ಗಾಜಿನ ಹಾಗೆ ಪುಡಿಯಾಗುವ ವಸ್ತು. ಕುತ್ತಿಗೆಯ ಭಾಗ ಮುರಿದು ಉಳಿದದ್ದು ಒಳಗೇ ಕೂತಿತು. ಸರಳು ಬಾಯಿಯ ಅಂಚಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುವ ಗೀರು ಬಿತ್ತು. ಗುಂಡು ಕೊನೆಯದಾಗಿ ಮುಟ್ಟಿ ಹೊರಡುವ ಜಾಗ ಅದು, ಅಲ್ಲಿ ಕೂದಲೆಳೆ ಊನವಾದರೂ ಗುರಿ ತಪ್ಪುತ್ತದೆ. ಹೊರಬಂದ ಮೂರು ಹಳದಿ ಚೂರುಗಳನ್ನು ಪತ್ರಿಕೆಯ ಮೇಲೆ ಜೋಡಿಸಿ ವರ್ನಿಯರ್ ಹಿಡಿದರೆ ಪ್ರತಿ ಸಲವೂ ಬೇರೆ ಅಳತೆ.

ಹೆದರಿ ಅಲಮಾರಿನಲ್ಲಿಟ್ಟು ಹತ್ತು ದಿನ ಅದರ ಸುದ್ದಿಗೆ ಹೋಗಲಿಲ್ಲ. ನಮ್ಮ ಆಗಸ್ಟಿನ ತೇವದಲ್ಲಿ ಬರಿಯ ಉಕ್ಕೇ ಉಳಿಯುವುದಿಲ್ಲ, ಗಂಧಕ ಮೆತ್ತಿದ ಉಕ್ಕು ಉಳಿದೀತೇ? ಮತ್ತೆ ತೆಗೆದಾಗ ಕಿಂಡಿಯ ಸುತ್ತ ಕಂದು ಚುಕ್ಕೆಗಳೆದ್ದಿದ್ದವು.

ಕೊನೆಗೆ ಪರವಾನಗಿ ಇರುವ ಬಂದೂಕು ದುರಸ್ತಿಯವರ ಬಳಿ ಹೊತ್ತುಕೊಂಡು ಹೋದೆ. ಹಿರಿಯರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಒಂದು ಮಾತು ಮಾತ್ರ ಹೇಳಿದರು: “ನಿಮಗೆ ಸರ್ಕಾರ ವಿನಾಯಿತಿ ಕೊಟ್ಟಿರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ದುರಸ್ತಿ ಮಾಡುವುದಕ್ಕಲ್ಲ.” ನಮ್ಮಲ್ಲಿ ಅನೇಕರು ಇದನ್ನು ಗಮನಿಸಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿ ಪರವಾನಗಿಯಿಲ್ಲದೆ ಕೋವಿ ಹೊಂದುವ ಬಗ್ಗೆ. ದುರಸ್ತಿಯ ವಿಷಯ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಬೇರೆಯಾಗಿ ಬರುತ್ತದೆ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅಂದರೆ ಸಿಕ್ಕಿಕೊಂಡದ್ದನ್ನು ಸುತ್ತಿಗೆ ಹಿಡಿದು ಬಿಡಿಸಲು ಹೊರಟಾಗಲೇ ನಾನು ಗೆರೆಯ ಮೇಲೆ ಕಾಲಿಟ್ಟಿದ್ದೆ.

ನನ್ನ ಎದುರೇ ಅವರು ಕೋವಿಯನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದರು. ಗಂಧಕದ ಗೊಡವೆಗೇ ಹೋಗದೆ, ನಳಿಗೆಯ ಕೆಳಗಿನ ಮರವನ್ನು ಹಿಡಿದಿದ್ದ ಒಂದು ಪಿನ್ನನ್ನು ತಟ್ಟಿ ತೆಗೆದು, ಮರ ಜಾರಿಸಿದರು. ಕಾಲಾಂತರದ ಎಣ್ಣೆ, ಧೂಳು ಸೇರಿ ಕಪ್ಪು ಮೇಣದಂತಾಗಿದ್ದುದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರು. ಮೊದಲು ಕಿರೀಟದ ಗುರುತೊಂದು ಕಾಣಿಸಿತು. ಇಂಗ್ಲೆಂಡಿನಲ್ಲಿ ಕೋವಿ ಮಾರುವ ಮುನ್ನ ಹೆಚ್ಚಿನ ಮದ್ದು ತುಂಬಿ ಹೊಡೆದು ಪರೀಕ್ಷಿಸಿ ಒತ್ತುವ ಮುದ್ರೆ ಅದು. ಬರ್ಮಿಂಗ್‌ಹ್ಯಾಮಿನಲ್ಲಿ ಆ ಪರೀಕ್ಷೆಗೆಂದೇ 1813ರಿಂದ ಒಂದು ಮನೆಯಿದೆ. ಅದರ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಅಂಕಿಗಳಲ್ಲಿ: 577/450. ಓದಲು ಅವರಿಗೆ ಬೇಕಾದದ್ದು ಒಂದು ಟಾರ್ಚು.

85 ಗ್ರೇನ್ ಕರಿಮದ್ದು, 480 ಗ್ರೇನ್ ಸೀಸದ ಗುಂಡು, ಹಳೆಯ ಸೈನಿಕ ಮಾರ್ಟಿನಿ-ಹೆನ್ರಿಯ ತೋಟಾ ಅದೇ. ಇಂದಿನ ಹೊಗೆಯಿಲ್ಲದ ಮದ್ದು ತುಂಬಿ ಹೊಡೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ ಎಂದರು. ನನಗೆ ಅಂಥ ಯೋಚನೆ ಇರಲಿಲ್ಲ, ಆದರೆ ಆ ಹೊತ್ತಿಗೆ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಗಂಧಕ ಬಿಡಿಸಿ, ತುಕ್ಕು ತೆಗೆದು, ಕೊಕ್ಕೆ ಸರಿಮಾಡಲು ಮೂರು ವಾರ ಹಿಡಿಯಿತು, 4,500 ರೂಪಾಯಿ ಆಯಿತು. ಬಾಯಿಯ ಗೀರು ಹಾಗೇ ಇದೆ. ಅದನ್ನು ತೆಗೆಯಬೇಕಾದರೆ ನಳಿಗೆ ಕತ್ತರಿಸಬೇಕು, ಅದು ಬೇಡ ಎಂದೆ.

ನಿಮ್ಮಲ್ಲಿ ಇಂಥ ಕೋವಿ ಇದ್ದರೆ ಮೊದಲು ಅದನ್ನು ಗೊತ್ತಿದ್ದವರ ಕೈಗೆ ಕೊಟ್ಟು ಮರ ಬಿಚ್ಚಿಸಿ ನಳಿಗೆಯ ಅಡಿ ನೋಡಿಸಿ. ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಅಚ್ಚಿನ ಮಾತು. ಅದನ್ನೂ ಅವರೇ ತೆಗೆಯಲಿ, ಸರಿಯಾದ ಲೋಹದಲ್ಲಿ ತೆಗೆಯಲಿ, ಗಂಧಕ ಬೇಡವೇ ಬೇಡ.

ಅರ್ಜಿ ತುಂಬಿ ಕೊಟ್ಟಾಗಿದೆ. ಪಾಯಸಕ್ಕೆ ಹೊಸ ಪಾತ್ರೆ ಬಂದಿದೆ, ಅದನ್ನು ಅವ್ವ ತನ್ನ ಕೋಣೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದಾಳೆ.