ದುಬೈಗೆ ಟ್ರೇಡ್‌ಮಾರ್ಕ್ ಕಾಗದ ಕಳಿಸ್ತಿದ್ದೀರಾ? ಅಪೋಸ್ಟಿಲ್ ಸಾಕು ಅಂದರೆ ನಂಬಬೇಡಿ

ಗಲ್ಫ್‌ಗೆ ಮಾಲು ಕಳಿಸುವ ಸಣ್ಣ ವ್ಯಾಪಾರಿಗಳು ದಯವಿಟ್ಟು ಇದನ್ನು ಓದಿ. "ಅಪೋಸ್ಟಿಲ್ ಮಾಡಿಸಿದರೆ ಎಲ್ಲಾ ದೇಶಕ್ಕೂ ನಡೆಯುತ್ತೆ ಸರ್" ಎನ್ನುವ ಏಜೆಂಟರ ಕೈಗೆ ನಿಮ್ಮ ಕಾಗದ ಕೊಡಬೇಡಿ. ಅಪೋಸ್ಟಿಲ್ ಅಂದರೆ ಕಾಗದ ಅಸಲಿ ಅಂತ ನಮ್ಮ ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ; ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ ಅದು ನಡೆಯುತ್ತದೆ.

ನಮ್ಮದು ಮೈಸೂರಿನಲ್ಲಿ ಊದುಬತ್ತಿ ತಯಾರಿಕೆ. ದುಬೈನಲ್ಲಿ ಮಾಲು ಚೆನ್ನಾಗಿ ಓಡುತ್ತಿತ್ತು. ಇಲ್ಲಿ ಬ್ರ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಅಲ್ಲೂ ಹಾಕಲು ಹೊರಟೆವು. ಇಲ್ಲಿ ಹಾಕಿದ 6 ತಿಂಗಳೊಳಗೆ ಅಲ್ಲಿ ಹಾಕಿದರೆ ಇಲ್ಲಿನ ತಾರೀಖೇ ಲೆಕ್ಕಕ್ಕೆ ಬರುತ್ತದೆ. ಟ್ರೇಡ್‌ಮಾರ್ಕ್, ಪೇಟೆಂಟ್‌ಗಳ ಬಗ್ಗೆ ದೇಶಗಳು ಮಾಡಿಕೊಂಡಿರುವ ಪ್ಯಾರಿಸ್ ಒಪ್ಪಂದ ಕೊಟ್ಟಿರುವ ಹಕ್ಕು ಇದು. ಅಲ್ಲಿನ ವಕೀಲರು ಕೇಳಿದ್ದು ಅಟೆಸ್ಟ್ ಆದ (ಸೀಲು ಹಾಕಿ ದೃಢೀಕರಿಸಿದ) ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ಕೆಲಸ ಮಾಡಲು ಅವರಿಗೆ ಕೊಡುವ ಅಧಿಕಾರ ಪತ್ರ. ಅದು ದುಬೈಗೆ ಅಂತ ಏಜೆಂಟರಿಗೆ ಬರೆದೇ ಕೊಟ್ಟಿದ್ದೆವು.

ಅವರು ಇವತ್ತು ನಾಳೆ ಅಂತ ತಳ್ಳಿ, ಕೊನೆಗೆ ಅಪೋಸ್ಟಿಲ್ ಸ್ಟಿಕ್ಕರ್ ಅಂಟಿಸಿ ಕೊಟ್ಟರು. ಅದಕ್ಕೆ ಸರ್ಕಾರದ ಶುಲ್ಕ 50 ರೂಪಾಯಿ. ನಮ್ಮಿಂದ ತೆಗೆದುಕೊಂಡದ್ದು ಸಾವಿರಗಟ್ಟಲೆ. ದುಬೈನವರು ಕಾಗದ ವಾಪಸ್ ಕಳಿಸಿದರು. ಯುಎಇ ಅಪೋಸ್ಟಿಲ್ ಒಪ್ಪಂದಕ್ಕೆ ಸೇರೇ ಇಲ್ಲ! ಇದೇ ಕಸುಬು ಮಾಡುವವರಿಗೆ ಇಷ್ಟು ಗೊತ್ತಿರಬೇಕು, ಅಲ್ವಾ?

ದುಬೈಗೆ ದಾರಿಯೇ ಬೇರೆ. ಮೊದಲು ನೋಟರಿ. ಆಮೇಲೆ ವಾಣಿಜ್ಯ ಮಂಡಳಿಯ ಸೀಲು. ಅದರ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಟೆಸ್ಟೇಶನ್, ನಂತರ ಯುಎಇ ರಾಯಭಾರ ಕಚೇರಿಯದು. ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಇದನ್ನೆಲ್ಲ ಮೊದಲಿನಿಂದ ಮಾಡಿಸುವಷ್ಟರಲ್ಲಿ 6 ತಿಂಗಳು ದಾಟಿಹೋಯಿತು. ಅಷ್ಟರಲ್ಲಿ ಅಲ್ಲಿ ನಮ್ಮ ಮಾಲು ಮಾರುತ್ತಿದ್ದವರೇ ನಮ್ಮ ಬ್ರ್ಯಾಂಡಿನ ಹೆಸರನ್ನು ತಮ್ಮದು ಮಾಡಿಕೊಳ್ಳಲು ಅರ್ಜಿ ಹಾಕಿದ್ದರು. ಅವಧಿಯೊಳಗೆ ನಮ್ಮ ಅರ್ಜಿ ಹೋಗಿದ್ದರೆ ನಮ್ಮ ತಾರೀಖೇ ಮುಂದೆ ಇರುತ್ತಿತ್ತು. ಮನೆಮಂದಿ, ಕೆಲಸದ ಹೆಂಗಸರು ಎಲ್ಲ ಸೇರಿ ಬೆಳೆಸಿದ ಹೆಸರು. ಅದು ನಮ್ಮದೇ ಅಂತ ಈಗ ಪರದೇಶದಲ್ಲಿ ಸಾಬೀತು ಮಾಡಬೇಕಾಗಿದೆ. ತುಂಬಾ ಸಂಕಟ ಆಗುತ್ತದೆ.

ಗಲ್ಫ್ ಅಂದರೆ ಎಲ್ಲಾ ಕಡೆ ಒಂದೇ ನಿಯಮ ಅಲ್ಲ. ಒಮಾನ್, ಬಹರೇನ್‌ಗೆ ಅಪೋಸ್ಟಿಲ್ ನಡೆಯುತ್ತದೆ. ಸೌದಿ 2022ರ ಡಿಸೆಂಬರ್‌ನಲ್ಲಿ ಒಪ್ಪಂದದೊಳಗೆ ಬಂತು. ಕುವೈತ್, ಕತಾರ್ ಬಂದಿಲ್ಲ. ಹಾಗಾಗಿ ಯಾವ ಯಾವ ಸೀಲು ಬೇಕು ಅಂತ ಕಾಗದ ತೆಗೆದುಕೊಳ್ಳುವ ಕಡೆಯವರನ್ನೇ ಇಮೇಲ್‌ನಲ್ಲಿ ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ಏಜೆಂಟರಿಗೆ ದುಡ್ಡು ಕೊಡಿ. ಅಪೋಸ್ಟಿಲ್ ಮಾಡಿಸಿದ್ದೇ ಆದರೆ ಸ್ಟಿಕ್ಕರ್ ಮೇಲಿನ ನಂಬರನ್ನು ವಿದೇಶಾಂಗ ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಭಾರತ 2013ರಿಂದ ಮ್ಯಾಡ್ರಿಡ್ ಪ್ರೋಟೋಕಾಲ್‌ನಲ್ಲಿದೆ (ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳಲು ಇರುವ ಒಪ್ಪಂದ), ಯುಎಇ 2021ರ ಡಿಸೆಂಬರ್‌ನಲ್ಲಿ ಸೇರಿತು. ಅಂದರೆ ಇಲ್ಲಿನ ಅರ್ಜಿಯ ಆಧಾರದ ಮೇಲೆ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಯುಎಇಗೂ ಅರ್ಜಿ ಹಾಕಬಹುದು. ಹಾಕುವ ಹೊತ್ತಿಗೆ ಈ ಸೀಲುಗಳ ಓಡಾಟ ಇಲ್ಲ. ಅಲ್ಲಿ ತಕರಾರು ಎದ್ದರೆ ಮಾತ್ರ ಅಲ್ಲಿನ ವಕೀಲರು, ಪವರ್ ಆಫ್ ಅಟಾರ್ನಿ ಎಲ್ಲ ಬೇಕಾಗುತ್ತದೆ. ಹೊಸದಾಗಿ ಹೊರಟಿರುವವರು ಮೊದಲು ಈ ದಾರಿಯನ್ನು ವಿಚಾರಿಸಿ.